ಸಹಾಯ ಬೇಕು: ಅಮ್ಮಾನ್–ಜೆರುಸಲೇಮ್, ಸೇತುವೆ ದಾಟಿ ವಾಪಸ್ ಬರುವ ವಿಚಾರ

ಅಕ್ಟೋಬರಿನಲ್ಲಿ ನಾಲ್ವರು, ಒಬ್ಬರಿಗೆ 72, ಮೊಣಕಾಲು ನೋವು. ಜೋರ್ಡಾನ್ ರಾಜಧಾನಿ ಅಮ್ಮಾನ್‌ನ ಹಳೇ ಸ್ನೇಹಿತರ ಮನೆಯಿಂದ ಮದಬಾ, ನೆಬೋ ಬೆಟ್ಟ, ಪೆಟ್ರಾ. ಆಮೇಲೆ ಕಿಂಗ್ ಹುಸೇನ್ ಸೇತುವೆ (ಜೋರ್ಡಾನ್ ನದಿಯ ಮೇಲಿನ ಗಡಿ ದಾಟು) ದಾಟಿ ಜೆರುಸಲೇಮ್, ಬೆತ್ಲೆಹೇಮ್. ಮದಬಾದ ಸೇಂಟ್ ಜಾರ್ಜ್ ಚರ್ಚಿನ ನೆಲದಲ್ಲಿರುವ 6ನೇ ಶತಮಾನದ ನಕ್ಷೆ ನೋಡಲೇಬೇಕು. ಭಾನುವಾರ ಬೆಳಿಗ್ಗೆ ಆರಾಧನೆ ಇರುವುದರಿಂದ ಆ ದಿನ ಬಿಟ್ಟಿದ್ದೇವೆ.

ಜೋರ್ಡಾನ್ ಪಾಸ್ (ಪ್ರವಾಸಿ ತಾಣಗಳಿಗೆ ಒಟ್ಟಾಗಿ ಕೊಳ್ಳುವ ಟಿಕೆಟ್, 70 ದಿನಾರ್‌ನಿಂದ ಶುರು) ಮೊದಲೇ ಕೊಂಡು ಕನಿಷ್ಠ 3 ರಾತ್ರಿ ಉಳಿದರೆ 40 ದಿನಾರ್ ವೀಸಾ ಶುಲ್ಕ ಮಾಫಿ, ಅದು ಸರಿ. ತೊಡಕಿರೋದು ವಾಪಸ್ ಬರುವಾಗ. ಆ ಸೇತುವೆಯಲ್ಲಿ ಜೋರ್ಡಾನ್ ವೀಸಾ ಕೊಡಲ್ಲ. ಅವಧಿ ಮುಗಿಯದ ಮೊದಲ ವೀಸಾದಲ್ಲೇ ಭಾರತದ ಪಾಸ್‌ಪೋರ್ಟಿನವರು ಇತ್ತೀಚೆಗೆ ಮರಳಿದ್ದಾರಾ? ಶುಕ್ರವಾರ, ಶನಿವಾರ ಸೇತುವೆಯನ್ನು ಬೇಗ ಮುಚ್ಚುತ್ತಾರೆಂದು ದಾಟಲು ಮಂಗಳವಾರ ಇಟ್ಟುಕೊಂಡಿದ್ದೇವೆ. ಅಲ್ಲಿ ಹಿರಿಯರಿಗೆ ವೀಲ್‌ಚೇರ್ ಸಿಗುತ್ತಾ, ಸಾಲಿನಲ್ಲಿ ಎಷ್ಟು ಹೊತ್ತು ನಿಲ್ಲಬೇಕು? ಹೋಗಿ ಬಂದವರು ತಿಂಗಳು ಸಮೇತ ತಿಳಿಸಿ.