ಸ್ಕೀ ತುದಿಯಲ್ಲಿ ಪದರ ಬಿಡುತ್ತಿದೆ: 20 ಟನ್ ಪ್ರೆಸ್ ಸಾಲದೇ?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ನಾನಿರುವುದು ಸಾಲ್ಟ್ ಲೇಕ್ ಸಿಟಿಯಲ್ಲಿ. ಗ್ಯಾರೇಜಿನಲ್ಲಿ 180 ಸೆಂ.ಮೀ. ಉದ್ದದ ಸ್ಕೀ (ಹಿಮದ ಮೇಲೆ ಜಾರಲು ಬೂಟಿಗೆ ಸಿಕ್ಕಿಸುವ ಉದ್ದನೆ ಪಟ್ಟಿ) ಮಾಡುತ್ತಿದ್ದೇನೆ. ಒಳಗೆ ಪಾಪ್ಲರ್ ಮರದ ಕೋರ್, ಮೇಲೆ ಕೆಳಗೆ ಗ್ಲಾಸ್ ಫೈಬರ್, ಅಂಟು ಎಪಾಕ್ಸಿ. ಒತ್ತೋದಕ್ಕೆ ವರ್ಕ್‌ಶಾಪಿನ ಹಳೇ 20 ಟನ್ ಹೈಡ್ರಾಲಿಕ್ ಪ್ರೆಸ್. ಜಾಕ್ ಒತ್ತುವುದು ನಡುಮಧ್ಯಕ್ಕೆ, ಹಾಗಾಗಿ ಅದರ ಕೆಳಗೆ ಉದ್ದದ ಐ-ಬೀಮ್ (I ಆಕಾರದ ಉಕ್ಕಿನ ತೊಲೆ) ಇಟ್ಟಿದ್ದೇನೆ. ಆದರೂ ಬೂಟು ಕೂರುವ ಜಾಗದಲ್ಲಿ ಅಂಟೆಲ್ಲ ಹಿಂಡಿ ಹೊರಬರುತ್ತದೆ, ಎರಡೂ ತುದಿಯಲ್ಲಿ ಪದರ ಬಿಡುತ್ತದೆ. ನಾಣ್ಯದಿಂದ ತಟ್ಟಿದರೆ ಟೊಳ್ಳು ಸದ್ದು. 30 ಟನ್ ಜಾಕ್ ಹಾಕಲೇ?

ಉತ್ತರ:
ಬೇಡ, ಜಾಸ್ತಿ ಹಾಳಾಗುತ್ತದೆ. ನಿಮಗೆ ಬಲ ಕಡಿಮೆಯಾಗಿಲ್ಲ, ಅದು ಹರಡುತ್ತಿಲ್ಲ. ನಡುವೆ ಮಾತ್ರ ಒತ್ತಿದರೆ ಬೀಮಿನ ಎರಡೂ ತುದಿ ಸ್ವಲ್ಪ ಮೇಲೇಳುತ್ತದೆ. ಕೋರ್ ಕೂಡ ತುದಿಯಲ್ಲಿ 2 ಮಿ.ಮೀ., ನಡುವೆ 10-12 ಮಿ.ಮೀ. ಇರುತ್ತದೆ ಅಲ್ವಾ? ಗಟ್ಟಿ ಬೀಮು ಆ ಏರಿಳಿತಕ್ಕೆ ಬಗ್ಗೋದಿಲ್ಲ.

ಮೊದಲು ಅಂಟಿಲ್ಲದೆ ಸುಮ್ನೆ ಒಂದು ಸಲ ಒತ್ತಿ ನೋಡಿ. ಕೋರ್ ಮೇಲೆ ಮಕ್ಕಳು ಆಡುವ ಮೆತ್ತನೆ ಜೇಡಿಮಣ್ಣಿನ ಒಂದೇ ಗಾತ್ರದ ಉಂಡೆಗಳನ್ನು ಸಾಲಾಗಿ ಇಡಿ. ಒತ್ತಿ ತೆಗೆದು ದಪ್ಪ ಅಳೆಯಿರಿ. ತುದಿಯ ಉಂಡೆ ದಪ್ಪ ಉಳಿದಿದ್ದರೆ ಕಾರಣ ಸಿಕ್ಕಿತು.

ಪರಿಹಾರ ಫೈರ್ ಹೋಸ್, ಅಂದರೆ ಬೆಂಕಿ ಆರಿಸಲು ನೀರು ಹಾಯಿಸುವ ಮಡಚುವ ಪೈಪು. ಮನೆಯಲ್ಲಿ ಸ್ಕೀ ಮಾಡುವವರಲ್ಲಿ ತುಂಬ ಜನ ಬಳಸುವ ದಾರಿ ಇದು. ಜಾಕ್ ಬಿಟ್ಟುಬಿಡಿ. ಎರಡು ಐ-ಬೀಮ್ ಮೇಲೆ ಕೆಳಗೆ ಇಟ್ಟು, ಉದ್ದಕ್ಕೂ ಅಲ್ಲಲ್ಲಿ ದಪ್ಪ ಉಕ್ಕಿನ ಚೌಕಟ್ಟಿನಿಂದ ಬಿಗಿಯಿರಿ. ಕೆಳಗಿನ ಬೀಮಿನ ಮೇಲೆ ಮೌಲ್ಡು (ಸ್ಕೀ ಆಕಾರದ ಅಚ್ಚು), ಅದರ ಮೇಲೆ ಸ್ಕೀ, ಸ್ಕೀ ಮತ್ತು ಮೇಲಿನ ಬೀಮಿನ ನಡುವೆ ಹೋಸ್ ಇಟ್ಟು ಗಾಳಿ ತುಂಬಿ. ಗಾಳಿ ಎಲ್ಲ ಕಡೆ ಒಂದೇ ಸಮ ಒತ್ತುತ್ತದೆ. ಸ್ಕೀ ಅಗಲ 12 ಸೆಂ.ಮೀ. ಅಂತಿಟ್ಟುಕೊಂಡರೆ 3 ಬಾರ್ ಗಾಳಿಯ ಒತ್ತಡಕ್ಕೆ ಒಟ್ಟು ಬಲ 6 ಟನ್ನಿಗಿಂತ ಜಾಸ್ತಿ. ಅಷ್ಟು ಧಾರಾಳ ಸಾಕು, ಆದರೆ ಚೌಕಟ್ಟು ಅದನ್ನು ತಡೆಯಬೇಕು.

ಪ್ರಶ್ನೆ:
ನನ್ನ ಹತ್ತಿರ 4 ಇಂಚಿನ ಹೋಸ್ ಇದೆ. ಅಂಚಿನವರೆಗೂ ಒತ್ತುತ್ತದಾ?

ಉತ್ತರ:
ಅದು ಹೋಸಿಗೆ ಬಿಟ್ಟ ಜಾಗದ ಎತ್ತರದ ಮೇಲೆ ನಿಂತಿದೆ. 4 ಇಂಚಿನ ಹೋಸ್ ಚಪ್ಪಟೆಯಾದಾಗ ಸುಮಾರು 16 ಸೆಂ.ಮೀ. ಅಗಲ. ಜಾಗ 2.5 ಸೆಂ.ಮೀ. ಇದ್ದರೆ ಒತ್ತುವ ಅಗಲ ಸುಮಾರು 12 ಸೆಂ.ಮೀ. ಅದೇ 5 ಸೆಂ.ಮೀ. ಆದರೆ ಹೋಸ್ ದುಂಡಗಾಗಿ ಅಗಲ 8ಕ್ಕೆ ಇಳಿಯುತ್ತದೆ, ಸ್ಕೀಯ ಎರಡು ಬದಿಯ ಉಕ್ಕಿನ ಅಂಚಿನ ಹತ್ತಿರ ಅಂಟೇ ಹಿಡಿಯೋದಿಲ್ಲ. ಹಾಗಾಗಿ ಹಲಗೆ ಹಾಕಿ ಜಾಗ ಆದಷ್ಟು ಕಿರಿದು ಮಾಡಿ. ಹೋಸಿನ ಕೆಳಗೆ ತೆಳು ಅಲ್ಯೂಮಿನಿಯಂ ಹಾಳೆ ಇರಲಿ.

ಸುರಕ್ಷತೆ ವಿಷಯದಲ್ಲಿ ದಯವಿಟ್ಟು ಅವಸರ ಬೇಡ. ಹೋಸಿನ ಎರಡೂ ತುದಿ ಮಡಚಿ, ಉಕ್ಕಿನ ಪಟ್ಟಿಗಳ ನಡುವೆ ಬೋಲ್ಟು ಹಾಕಿ ಬಿಗಿಯಿರಿ. ಸೇಫ್ಟಿ ವಾಲ್ವ್ ಕಡ್ಡಾಯ. ಮೊದಲ ಪರೀಕ್ಷೆ ಪ್ರೆಸ್ಸಿನ ಒಳಗೇ, ಮರದ ಹಲಗೆ ಇಟ್ಟು, ಗಾಳಿಯೆಲ್ಲ ತೆಗೆದು ನೀರು ತುಂಬಿಸಿ ಮಾಡಿ. ಹೋಸ್ ಎಲ್ಲಾದರೂ ಬಿಟ್ಟುಕೊಂಡರೆ, ನೀರಾದರೆ ಅಲ್ಲಿ ಸೋರಿ ಒತ್ತಡ ತಕ್ಷಣ ಇಳಿಯುತ್ತದೆ. ಗಾಳಿಯಾದರೆ ಸಿಡಿಯುತ್ತದೆ. ಗಾಳಿ ತುಂಬುವಾಗ ಹೋಸಿನ ತುದಿಗಳ ನೇರಕ್ಕೆ ಯಾರೂ ನಿಲ್ಲಬಾರದು.

ಇನ್ನೊಂದು, ಚಳಿಗಾಲದ ಗ್ಯಾರೇಜಿನಲ್ಲಿ ಎಪಾಕ್ಸಿ ಬಹಳ ನಿಧಾನವಾಗಿ ಗಟ್ಟಿಯಾಗುತ್ತದೆ. ಬಿಸಿ ಕೊಟ್ಟರೆ ಸ್ಕೀ ಪೂರ್ತಿ ತಣ್ಣಗಾಗುವವರೆಗೂ ಒತ್ತಡ ಇಳಿಸಬೇಡಿ. ಕೆಳಗಿನ ಪ್ಲಾಸ್ಟಿಕ್ ತಳ ಉಕ್ಕಿಗಿಂತ ಎಷ್ಟೋ ಪಟ್ಟು ಜಾಸ್ತಿ ಕುಗ್ಗುತ್ತದೆ, ಬಿಸಿಯಲ್ಲೇ ಹೊರತೆಗೆದರೆ ಸ್ಕೀ ಸೊಟ್ಟಗಾಗಬಹುದು.