6×6 ಮಾಯಾಚೌಕದ ಕರ್ಣದಲ್ಲಿ 84 ಬರುತ್ತಿದೆ: ಮಾಡಿ ನೋಡಿದವರು ತಿಳಿಸಿ

ದಾವಣಗೆರೆಯ ವಿದ್ಯಾನಗರದಲ್ಲಿದ್ದು ಬಿ.ಎಸ್ಸಿ. ಓದುತ್ತಿದ್ದೇನೆ. ಆಕ್ಟೇವ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಮಾಯಾಚೌಕದ (1ರಿಂದ ಶುರುವಾಗುವ ಸಂಖ್ಯೆಗಳನ್ನು ಒಂದೊಂದೇ ಸಲ ಬರೆದಾಗ ಅಡ್ಡಸಾಲು, ಕಂಬಸಾಲು, ಕರ್ಣ ಎಲ್ಲದರ ಮೊತ್ತವೂ ಒಂದೇ ಬರುವ ಚೌಕ) ಪ್ರೋಗ್ರಾಂ ಬರೆದಿದ್ದೇನೆ. ಬೆಸ ಸಂಖ್ಯೆಯ ಚೌಕಗಳೆಲ್ಲ ಸರಿ ಬರುತ್ತವೆ. 6×6ರಲ್ಲಿ ಅಡ್ಡಸಾಲು, ಕಂಬಸಾಲುಗಳ ಮೊತ್ತ 111 ಬಂದರೂ ಕರ್ಣಗಳು 84 ಮತ್ತು 138 ಆಗುತ್ತಿವೆ. ಎರಡನೇ ಸಾಲು: 30, 5, 7, 21, 23, 25. ನಾಲ್ಕು ದಿನದಿಂದ ಒದ್ದಾಡುತ್ತಿದ್ದೇನೆ.

ಚಿತ್ರದುರ್ಗದ ಗಣಿತ ಶಿಕ್ಷಕ:
ತಮ್ಮ, ಒಂದು ಕರ್ಣದಲ್ಲಿ 27 ಕಡಿಮೆ, ಇನ್ನೊಂದರಲ್ಲಿ 27 ಹೆಚ್ಚು. ಅಲ್ಲೇ ಸುಳಿವಿದೆ. ನೀವು 3×3ರ ಮಾಯಾಚೌಕವನ್ನು ನಾಲ್ಕು ಮೂಲೆಗಿಟ್ಟು, ಮೇಲೆ ಎಡಕ್ಕೆ ಹಾಗೆಯೇ ಬಿಟ್ಟು, ಉಳಿದವುಗಳ ಪ್ರತಿ ಮನೆಗೂ ಕೆಳಗೆ ಬಲಕ್ಕೆ 9, ಮೇಲೆ ಬಲಕ್ಕೆ 18, ಕೆಳಗೆ ಎಡಕ್ಕೆ 27 ಕೂಡಿಸಿದ್ದೀರಿ. ಆಗ ಮೇಲಿನ ಸಾಲುಗಳು 84, ಕೆಳಗಿನವು 138. ಎಡಭಾಗದಲ್ಲಿ ಸಾಲಿಗೊಂದು ಮನೆಯನ್ನು ಮೇಲೆ ಕೆಳಗೆ ಅದಲುಬದಲು ಮಾಡಿದರೆ ಸಾಲುಗಳೆಲ್ಲ 111 ಆಗುತ್ತವೆ. ಆದರೆ ಅದಲುಬದಲಿಗೆ ಮುಂಚೆ ಕರ್ಣದಲ್ಲಿ 54ರ ವ್ಯತ್ಯಾಸವಿರುತ್ತದೆ, ಒಂದು ಮನೆ ಬದಲಿಸಿದರೆ 27 ಸರಿಹೋಗುತ್ತದೆ; ಅಂದರೆ ಕರ್ಣದಲ್ಲಿ ಬರುವ ಎರಡು ಮನೆಗಳು ಬದಲಾಗಬೇಕು. ನೀವು ಮೂರೂ ಸಾಲಿನಲ್ಲಿ ಮೊದಲ ಮನೆಯನ್ನೇ ಬದಲಿಸಿದ್ದೀರಿ. ನಡುವಿನ ಸಾಲಿನಲ್ಲಿ ಮಾತ್ರ ನಡುವಿನ ಮನೆಯನ್ನು ಬದಲಿಸಿ. ಪ್ರೋಗ್ರಾಂ ತಿದ್ದುವ ಮೊದಲು ಚೌಕುಳಿ ಹಾಳೆಯಲ್ಲಿ ಪೆನ್ಸಿಲಿನಿಂದ ಒಮ್ಮೆ ಬರೆಯಿರಿ. ನನ್ನ ಮಕ್ಕಳಿಗೆ ಇದು ಅರ್ಥವಾಗಿದ್ದೇ ಹಾಗೆ.

ದಾವಣಗೆರೆಯ ಸಾಫ್ಟ್‌ವೇರ್ ಉದ್ಯೋಗಿ:
ಮೊತ್ತವನ್ನಷ್ಟೇ ನೋಡಿ ನಂಬಬೇಡಿ. ಮೂವತ್ತಾರು ಮನೆಗಳಲ್ಲೂ 18.5 ಬರೆದರೆ ಎಲ್ಲ ಕಡೆ 111 ಬರುತ್ತದೆ! ಸಂಖ್ಯೆಗಳನ್ನು ಏರಿಕೆಯಲ್ಲಿ ಜೋಡಿಸಿ, 1ರಿಂದ 36 ಒಂದೊಂದು ಸಲ ಇವೆಯೇ ಎಂದು ಪರೀಕ್ಷಿಸಿ. ಮುಂದೆ ಪೈಥಾನ್‌ಗೆ ಬದಲಿಸುವುದಾದರೆ ಅಲ್ಲಿ ಮನೆಗಳ ಎಣಿಕೆ ಸೊನ್ನೆಯಿಂದ ಶುರು, ಆಕ್ಟೇವ್‌ನಲ್ಲಿ ಒಂದರಿಂದ. ಪ್ರೋಗ್ರಾಂನಲ್ಲಿ ಶೇಷ ತೆಗೆಯುವ ಸಾಲಿನಲ್ಲಿ ಇದನ್ನು ಮರೆತು ನಾನು ಒಂದು ಇಡೀ ರಾತ್ರಿ ಕಳೆದಿದ್ದೇನೆ.

ಚಿತ್ರದುರ್ಗದ ಉಪನ್ಯಾಸಕಿ:
ಆರಕ್ಕೆ ಬೇರೆ ದಾರಿ ಏಕೆಂದು ಬೇಸರಪಡಬೇಡಿ. ಗಣಿತಜ್ಞ ನಾರಾಯಣ ಪಂಡಿತ 1356ರಲ್ಲೇ ‘ಗಣಿತ ಕೌಮುದಿ’ಯಲ್ಲಿ ಮಾಯಾಚೌಕಗಳನ್ನು ಸಮಗರ್ಭ, ವಿಷಮಗರ್ಭ, ವಿಷಮ ಎಂದು ಮೂರಾಗಿ ವಿಂಗಡಿಸಿದ. ನಾಲ್ಕರಿಂದ ಭಾಗಿಸಿದರೆ ಎರಡು ಉಳಿಯುವ ಆರು ವಿಷಮಗರ್ಭ. ಬೆಸ ಸಂಖ್ಯೆಗಳು ವಿಷಮ. ನಾಲ್ಕರಿಂದ ಶೇಷವಿಲ್ಲದೆ ಭಾಗವಾಗುವ ಎಂಟು ಸಮಗರ್ಭ, ಅದಕ್ಕೆ ಈ ವಿಧಾನ ನಡೆಯುವುದಿಲ್ಲ. ಪ್ರೋಗ್ರಾಂನ ಆರಂಭದಲ್ಲೇ ಮೂರು ಕವಲು ಮಾಡಿಕೊಳ್ಳಿ.

ಕೇಳಿದವರು:
ಸರ್, ಹಾಳೆಯಲ್ಲಿ ಬರೆದೆ. ಎರಡನೇ ಸಾಲು ಈಗ 3, 32, 7, 21, 23, 25. ಎರಡು ಕರ್ಣವೂ 111. ಏರಿಕೆಯ ಪರೀಕ್ಷೆಯೂ ಸರಿ ಬಂತು. ಇನ್ನು 10×10ಕ್ಕೆ ಕೈ ಹಾಕುತ್ತೇನೆ.