ಎಸ್‌ಡಿಎಂಸಿಯಲ್ಲಿ ಸಹಿ ಹಾಕುವುದು ಬಿಟ್ಟು ನಾವು ಏನು ಕೇಳಬಹುದು?

ಮೂರನೇ ಕ್ಲಾಸಿನ ಹುಡುಗಿಯ ತಾಯಿ, ರಾಯಚೂರು ಜಿಲ್ಲೆ:

ಎಲ್ಲರಿಗೂ ನಮಸ್ಕಾರ. ನಮ್ಮೂರ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಎಸ್‌ಡಿಎಂಸಿಗೆ, ಅಂದರೆ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗೆ, ಈ ವರ್ಷ ನನ್ನನ್ನು ಆರಿಸಿದ್ದಾರೆ. ಇಲ್ಲಿ ಸಭೆ ಅಂದರೆ ನಡಾವಳಿ ಪುಸ್ತಕ ಮನೆಗೇ ಬರುತ್ತದೆ. ಠರಾವು ಮೊದಲೇ ಬರೆದಿರುತ್ತದೆ, ನಾವು ಸಹಿ ಹಾಕಬೇಕು. ಈ ಸಲ ನಾನು ಹಾಕಲಿಲ್ಲ, ಓದಿ ಹಾಕುತ್ತೇನೆ ಅಂದೆ. ಹೆಡ್ ಮಾಸ್ತರು ಸಿಟ್ಟಾಗಲಿಲ್ಲ. "ನಮ್ಮ ಕಷ್ಟ ನಿಮಗೆ ಗೊತ್ತಿಲ್ಲಮ್ಮ" ಅಂದರು. ಅದೂ ನಿಜವೇ. ಏಳು ಕ್ಲಾಸಿಗೆ ನಾಲ್ಕು ಜನ ಇದ್ದಾರೆ, ಅವರಲ್ಲಿ ಒಬ್ಬರು ಅತಿಥಿ ಶಿಕ್ಷಕರು.

ನನ್ನ ಮಗಳು ಕನ್ನಡ ಪುಸ್ತಕದ ಪಾಠ ಗಡಗಡ ಹೇಳುತ್ತಾಳೆ. ಬೇರೆ ಪುಸ್ತಕದ ಪುಟ ತೋರಿಸಿದರೆ ಒಂದು ಸಾಲೂ ಬರುವುದಿಲ್ಲ. ಕಾರ್ಡಿನಲ್ಲಿ ಮಾತ್ರ 'ಎ' ಇದೆ. ಇದನ್ನು ಯಾರ ಹತ್ತಿರ ಕೇಳಬೇಕು? ಗುರುಗಳ ಮೇಲೆ ದೂರು ಬರೆಯುವ ಮನಸ್ಸಿಲ್ಲ. ಹಾಗಂತ ಸುಮ್ನೆ ಕೂರುವುದಕ್ಕೂ ಆಗುತ್ತಿಲ್ಲ.

ನಿವೃತ್ತ ಮುಖ್ಯ ಗುರು, ಧಾರವಾಡ ಜಿಲ್ಲೆ:

ತಂಗಿ, ಓದದೆ ಸಹಿ ಹಾಕುವುದಿಲ್ಲ ಅಂದಿರಲ್ಲ, ಅಲ್ಲಿಂದಲೇ ಕೆಲಸ ಶುರುವಾಗಿದೆ.

ನಮ್ಮ ರಾಜ್ಯದಲ್ಲಿ ಎಸ್‌ಡಿಎಂಸಿ ಬಂದಿದ್ದು 2001ರಲ್ಲಿ. ಆಮೇಲೆ 2009ರ ಶಿಕ್ಷಣ ಹಕ್ಕು ಕಾಯ್ದೆ ಇಂಥ ಸಮಿತಿಗೆ ಇನ್ನಷ್ಟು ಬಲ ಕೊಟ್ಟಿತು. ಸಮಿತಿಯಲ್ಲಿ ಮುಕ್ಕಾಲು ಪಾಲು ತಂದೆ ತಾಯಿಯರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧ ಹೆಂಗಸರು ಇರಬೇಕು ಅನ್ನುತ್ತದೆ 21ನೇ ಸೆಕ್ಷನ್. 22ನೇ ಸೆಕ್ಷನ್ ಪ್ರಕಾರ ಶಾಲಾ ಅಭಿವೃದ್ಧಿ ಯೋಜನೆ ಮಾಡಬೇಕಾದವರು ನೀವೇ. ಮೊದಲು ಅದನ್ನು ಕೇಳಿ. ಹೋದ ವರ್ಷದ್ದನ್ನೇ ನಕಲು ಮಾಡಿದ್ದರೆ ಓದುವಾಗಲೇ ತಿಳಿಯುತ್ತದೆ.

ಇನ್ನು ಮುಖ್ಯವಾದ ಮಾತು. ಶಿಕ್ಷಕರು ಹೊತ್ತಿಗೆ ಸರಿಯಾಗಿ ಬರಬೇಕು, ಪಾಠ ಮುಗಿಸಬೇಕು, ಪ್ರತಿ ಮಗುವಿನ ಕಲಿಕೆ ಹೇಗಿದೆ ಅಂತ ಪೋಷಕರಿಗೆ ಹೇಳಬೇಕು ಅನ್ನುವುದು 24ನೇ ಸೆಕ್ಷನ್. ಇದನ್ನು ಎಲ್ಲರೂ ಹಿಡಿದುಕೊಳ್ಳುತ್ತಾರೆ. ಎರಡು ಸೆಕ್ಷನ್ ಮುಂದೆ ಹೋಗಿ ನೋಡಿ. ಖಾಲಿ ಹುದ್ದೆ ಮಂಜೂರಾದ ಹುದ್ದೆಗಳ ಶೇ 10ನ್ನು ಮೀರಬಾರದು ಅಂತ 26ರಲ್ಲಿದೆ. ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಶಿಕ್ಷಕರಿಗೆ ಬೇರೆ ಕೆಲಸ ಹಚ್ಚಬಾರದು ಅಂತ 27ರಲ್ಲಿದೆ. ಇವು ಮೇಲಿನವರ ಹೊಣೆ. ನನ್ನ ಇಡೀ ಸರ್ವೀಸಿನಲ್ಲಿ ಮೇಲಿನವರು ನನ್ನನ್ನು ಕೇಳಿದರು, ನಾನು ಶಿಕ್ಷಕರನ್ನು ಕೇಳಿದೆ. ಮೇಲಿನವರನ್ನು ಕೇಳಿದವರನ್ನು ನಾನು ನೋಡಲೇ ಇಲ್ಲ.

ನಿಮ್ಮ ಹೆಡ್ ಮಾಸ್ತರು ಇಲಾಖೆಯ ವಿರುದ್ಧ ಬರೆಯುವುದು ಕಷ್ಟ. ಸಮಿತಿಗೆ ಆ ಭಯ ಇಲ್ಲ. ಯಾವ ಹುದ್ದೆ ಎಂದಿನಿಂದ ಖಾಲಿ ಇದೆ ಅಂತ ಠರಾವು ಮಾಡಿ. ಬಿ.ಇ.ಒ. (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಕೊಟ್ಟು ಸ್ವೀಕೃತಿ ತಗೊಳ್ಳಿ. ಮಕ್ಕಳ ಹಕ್ಕಿನ ಬಗ್ಗೆ ಲಿಖಿತ ದೂರು ಕೊಟ್ಟರೆ ಸ್ಥಳೀಯ ಪ್ರಾಧಿಕಾರ 3 ತಿಂಗಳೊಳಗೆ ತೀರ್ಮಾನಿಸಬೇಕು ಅಂತ 32ನೇ ಸೆಕ್ಷನ್ ಹೇಳುತ್ತದೆ. ಹೆಡ್ ಮಾಸ್ತರ ಪರವಾಗಿ ಒಂದು ಕಾಗದ ಹೋದ ಮೇಲೆ ಮಗಳ ಓದಿನ ಮಾತು ತೆಗೆಯಿರಿ. ಆಗ ಅವರೂ ಬಿಚ್ಚಿ ಮಾತಾಡುತ್ತಾರೆ.

ಹೈಸ್ಕೂಲು ಗಣಿತ ಶಿಕ್ಷಕ:

ಗುರುಗಳ ಮಾತಿಗೆ ನನ್ನದೂ ಸೇರಿಸುತ್ತೇನೆ. 2024ರ ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಮಾಡಿದರು. 2023ರಲ್ಲಿ ಶೇ 83.89 ಇದ್ದ ಫಲಿತಾಂಶ ಶೇ 73.40ಕ್ಕೆ ಇಳಿಯಿತು, ಅದೂ ಕೃಪಾಂಕ ಹೆಚ್ಚಿಸಿದ ಮೇಲೆ. ಕ್ಯಾಮೆರಾ ಹಾಕಿದ್ದು ಸರಿ ಅನ್ನುವವನು ನಾನು. ಆದರೆ ಕ್ಯಾಮೆರಾ ಪರೀಕ್ಷಾ ಕೊಠಡಿಯನ್ನು ಮಾತ್ರ ತೋರಿಸಿತು. ಆ ಮಕ್ಕಳು ಎಷ್ಟು ವರ್ಷ ಗಣಿತದ ಶಿಕ್ಷಕರಿಲ್ಲದೆ ಕೂತಿದ್ದರು ಅನ್ನುವುದು ಅದರಲ್ಲಿ ಕಾಣಲಿಲ್ಲ. ನಮ್ಮಲ್ಲಿ ನೋಟಿಸ್ ಬಂದಿದ್ದು ಶಿಕ್ಷಕರಿಗೆ.

ಆ ವರ್ಷ ಉಡುಪಿ ಶೇ 94, ಯಾದಗಿರಿ ಶೇ 50.59. ಈ ಪಟ್ಟಿ ಪೇಪರಿನಲ್ಲಿ ಬಂದಾಗ ಒಂದು ಜಿಲ್ಲೆ ಜಾಣ, ಇನ್ನೊಂದು ದಡ್ಡ ಅನ್ನುವ ಹಾಗೆ ಜನ ಓದುತ್ತಾರೆ. ನನಗೆ ಅದು ತುಂಬ ನೋವು ಕೊಡುತ್ತದೆ. ಭಾಗಾಕಾರ ಬಾರದೆ ಎಂಟನೇ ಕ್ಲಾಸಿಗೆ ಬಂದ ಹುಡುಗ ಹತ್ತರಲ್ಲಿ 38 ತೆಗೆದರೆ, ಆ ಶಾಲೆ ದೊಡ್ಡ ಕೆಲಸ ಮಾಡಿದೆ. ಮೊದಲೇ ಚೆನ್ನಾಗಿದ್ದವನು 90 ತೆಗೆದಿದ್ದರಲ್ಲಿ ಶಾಲೆಯ ಪಾಲು ಕಮ್ಮಿಯೇ ಇರಬಹುದು. ಶಾಲೆಯನ್ನು ಅಳೆಯುವುದಾದರೆ ಅದೇ ಮಗು ಜೂನ್‌ನಲ್ಲಿ ಎಲ್ಲಿತ್ತು, ಮಾರ್ಚ್‌ನಲ್ಲಿ ಎಲ್ಲಿದೆ ಅಂತ ನೋಡಬೇಕು, ಅಲ್ವಾ?

ಅಮೆರಿಕದ ಅಟ್ಲಾಂಟದಲ್ಲಿರುವ ಮೈಸೂರಿನವಳು:

ನಾನಿರುವ ಊರಿನ ಕಥೆ ನಿಮ್ಮ ಮಾತಿಗೆ ಹೊಂದುತ್ತದೆ. ಇಲ್ಲಿ ಅಂಕ ಏರಿಸಲೇಬೇಕು ಅನ್ನುವ ಒತ್ತಡ ಶಾಲೆಗಳ ಮೇಲೆ ವಿಪರೀತ ಇತ್ತು. ಮಕ್ಕಳ ತಪ್ಪು ಉತ್ತರ ಅಳಿಸಿ ದೊಡ್ಡವರೇ ಸರಿ ಉತ್ತರ ತುಂಬಿದರು. 2009ರ ಪರೀಕ್ಷೆ ಬಗ್ಗೆ ಇಲ್ಲಿನ ರಾಜ್ಯ ಸರ್ಕಾರದ ತನಿಖೆ ನಡೆದು 2011ರಲ್ಲಿ ವರದಿ ಬಂತು. ನೋಡಿದ 56 ಶಾಲೆಗಳಲ್ಲಿ 44ರಲ್ಲಿ ಮೋಸ ನಡೆದಿತ್ತು, 178 ಜನರ ಹೆಸರು ಬಂತು. 2015ರಲ್ಲಿ 11 ಜನ ತಪ್ಪಿತಸ್ಥರು ಅಂತ ತೀರ್ಪಾಯಿತು. ನನ್ನ ಮನಸ್ಸು ಹೋಗುವುದು ಆ ಮಕ್ಕಳ ಕಡೆಗೆ. ಕಾಗದದಲ್ಲಿ ಪಾಸಾಗಿದ್ದರಿಂದ ಅವರಿಗೆ ಸಿಗಬೇಕಿದ್ದ ಹೆಚ್ಚಿನ ಪಾಠ ಸಿಗದೆ ಹೋಯಿತು. ನಿಮ್ಮ ಮಗಳ 'ಎ' ಕೂಡ ಅಂಥದ್ದೇ ಅಪಾಯ, ಅಕ್ಕ.

ಮೂರನೇ ಕ್ಲಾಸಿನ ಹುಡುಗಿಯ ತಾಯಿ:

ಎಲ್ಲರಿಗೂ ತುಂಬಾ ಧನ್ಯವಾದ. ಖಾಲಿ ಹುದ್ದೆಯ ಠರಾವು ಮೊದಲು ಬರೆಸುತ್ತೇನೆ. ಇನ್ನೊಂದು ಯೋಚನೆ ಬಂದಿದೆ. ಎರಡನೇ ಕ್ಲಾಸಿನ ಮಟ್ಟದ, ಮಕ್ಕಳು ನೋಡಿರದ ಒಂದು ಪುಟ ಓದಿಸುವುದು, ದಶಕ ತೆಗೆದುಕೊಂಡು ಕಳೆಯುವ ಒಂದು ಲೆಕ್ಕ ಮಾಡಿಸುವುದು. ಮೂರರಿಂದ ಏಳನೇ ಕ್ಲಾಸಿನವರೆಗೆ, ವರ್ಷಕ್ಕೆ ಮೂರು ಸಲ. ಇದನ್ನು ತಾಯಂದಿರೇ ಮಾಡಬಹುದಾ ಗುರುಗಳೇ?

ನಿವೃತ್ತ ಮುಖ್ಯ ಗುರು, ಧಾರವಾಡ ಜಿಲ್ಲೆ:

ಧಾರಾಳವಾಗಿ ಮಾಡಿ. ಆದರೆ ಕ್ಲಾಸಿನ ಗುರುಗಳು ಪಕ್ಕದಲ್ಲೇ ಇರಲಿ. ಪಟ್ಟಿಯನ್ನು ಗೋಡೆಗೆ ಅಂಟಿಸಬೇಡಿ, ಯಾವ ಮಗುವಿನ ಹೆಸರೂ ಸಭೆಯಲ್ಲಿ ಬರುವುದು ಬೇಡ. 'ಸಮುದಾಯದತ್ತ ಶಾಲೆ' ಕಾರ್ಯಕ್ರಮದ ದಿನ ಪೋಷಕರೆಲ್ಲ ಬರುತ್ತಾರೆ. ಅವತ್ತು ಪ್ರತಿ ತಾಯಿಗೂ ಅವರ ಮಗುವಿನದ್ದನ್ನು ಮಾತ್ರ ಬೇರೆಯಾಗಿ ಕರೆದು ತೋರಿಸಿ.